ನೆಗಡಿ ತೆರೆದಿಟ್ಟ ಬಾಗಿಲು
(ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಮಕ್ಕಳು ಅಳುತ್ತವೆ ಅಂತ ಯಾರೂ ಎದ್ದು ಹೋಗಬೇಡಿ. ಇವತ್ತಿನ ಮಾತು ಆ ಮಕ್ಕಳದ್ದೇ.

ನಾವು ಇವತ್ತು ಮಾತಾಡಲು ಬಂದಿರೋದು ನೆಗಡಿ ಮತ್ತು ಗಂಟಲು ನೋವಿನ ವಿಷಯ. "ಅಯ್ಯೋ, ನೆಗಡಿಗೂ ಒಂದು ಭಾಷಣವೇ?" ಅಂತ ನೀವು ನಗಬಹುದು. ನೆಗಡಿ ಬಾರದ ಮನೆ ಯಾವುದಿದೆ? ಔಷಧಿ ತಗೊಂಡರೆ ಒಂದು ವಾರ, ತಗೊಳ್ಳದಿದ್ದರೆ ಏಳು ದಿನ ಅನ್ನೋ ಮಾತೇ ಇದೆಯಲ್ಲ.

ಆ ಮಾತು ಬಹಳ ಸಲ ನಿಜ. ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಎರಡು ದಿನ ಜ್ವರ ಬರುತ್ತದೆ. ಆಮೇಲೆ ತಾನಾಗಿ ಹೋಗುತ್ತದೆ. ಆದರೆ ಕೆಲವು ಸಲ ಹಾಗಾಗುವುದಿಲ್ಲ. ಮೂರನೇ ದಿನಕ್ಕೆ ಇಳಿದ ಜ್ವರ ಐದನೇ ದಿನ ಮತ್ತೆ ಏರುತ್ತದೆ. ಮಗು ಮೊಲೆ ಹಿಡಿಯುವುದಿಲ್ಲ. ಉಸಿರು ಜೋರಾಗುತ್ತದೆ. ಪಕ್ಕೆ ಒಳಗೆ ಸೆಳೆಯುತ್ತದೆ. ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ "ನ್ಯುಮೋನಿಯಾ" ಅಂತಾರೆ. "ಬರೀ ನೆಗಡಿ ಇತ್ತು ಸ್ವಾಮಿ, ಇದು ಎಲ್ಲಿಂದ ಬಂತು?" ಅಂತ ತಾಯಿ ಕೇಳುತ್ತಾಳೆ.

ಆ ತಾಯಿ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡೋದೇ ನಮ್ಮ ಇವತ್ತಿನ ಕೆಲಸ.

ಮೊದಲು ಒಂದು ವಿಷಯ ತಿಳಿಯೋಣ. ರೋಗ ತರೋ ಕ್ರಿಮಿಗಳಲ್ಲಿ ಮುಖ್ಯವಾಗಿ ಎರಡು ಜಾತಿ ಇವೆ. ಒಂದು ಬ್ಯಾಕ್ಟೀರಿಯ. ಇನ್ನೊಂದು ವೈರಸ್. ಎರಡೂ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಬ್ಯಾಕ್ಟೀರಿಯ ಒಂದು ಪುಟ್ಟ ಜೀವ. ಅದು ತಾನೇ ಉಣ್ಣುತ್ತದೆ. ತಾನೇ ಒಡೆದು ಎರಡಾಗುತ್ತದೆ. ಎರಡು ನಾಲ್ಕಾಗುತ್ತದೆ. ಎಲ್ಲ ಬ್ಯಾಕ್ಟೀರಿಯವೂ ಕೆಟ್ಟದ್ದಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಬೆಳಿಗ್ಗೆ ಅದು ಮೊಸರಾಗೋದು ಬ್ಯಾಕ್ಟೀರಿಯದಿಂದಲೇ.

ವೈರಸ್ ಹಾಗಲ್ಲ. ಅದು ಬ್ಯಾಕ್ಟೀರಿಯಕ್ಕಿಂತ ಬಹಳ ಚಿಕ್ಕದು. ಅದಕ್ಕೆ ಸ್ವಂತ ಸಂಸಾರ ನಡೆಸಲು ಬಾರದು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದಲ್ಲ, ಹಾಗೆ ವೈರಸ್ ನಮ್ಮ ಮೈಯ ಜೀವಕೋಶದ ಒಳಗೆ ಹೊಕ್ಕು, ಅಲ್ಲಿಯೇ ತನ್ನ ಮರಿಗಳನ್ನು ಮಾಡಿಸುತ್ತದೆ. ಕಾಗೆ ಪಾಪ, ತನ್ನ ಮರಿ ಅಂತಲೇ ಸಾಕುತ್ತದೆ. ಜೀವಕೋಶ ಅಂದರೆ ನಮ್ಮ ಮೈಯನ್ನು ಕಟ್ಟಿರೋ ಸಣ್ಣ ಇಟ್ಟಿಗೆ ಅಂತ ತಿಳಿಯಿರಿ.

ನೆಗಡಿ ತರೋದು ವೈರಸ್. ಫ್ಲೂ ಜ್ವರ ತರೋದೂ ವೈರಸ್. ಗಂಟಲು ನೋವು ಕೂಡ ಹೆಚ್ಚಿನ ಸಲ ವೈರಸ್‌ನಿಂದಲೇ ಬರುತ್ತದೆ. ಆದರೆ ನೆಗಡಿಯ ಹಿಂದೆ ಬರುವ ನ್ಯುಮೋನಿಯಾ, ಕಿವಿ ಸೋರುವುದು, ಇವು ಬಹಳ ಸಲ ಬ್ಯಾಕ್ಟೀರಿಯದ ಕೆಲಸ. ವೈರಸ್ ಮುಂದೆ ಬಂದು ಬಾಗಿಲು ಮುರಿಯುತ್ತದೆ. ಬ್ಯಾಕ್ಟೀರಿಯ ಹಿಂದಿನಿಂದ ನುಗ್ಗುತ್ತದೆ.

"ಆ ಬ್ಯಾಕ್ಟೀರಿಯ ಎಲ್ಲಿಂದ ಬರುತ್ತದೆ?" ಅಂತ ಕೇಳ್ತೀರಿ. ದೂರದಿಂದ ಬರಬೇಕಾಗಿಯೇ ಇಲ್ಲ. ಅದು ಆಗಲೇ ಮೂಗು ಗಂಟಲಲ್ಲಿ ಕೂತಿರಬಹುದು! ನ್ಯುಮೋನಿಯಾ ತರೋ ಒಂದು ಬ್ಯಾಕ್ಟೀರಿಯದ ಹೆಸರು ನ್ಯುಮೋಕಾಕಸ್. ಆಡಿಕೊಂಡಿರೋ ಎಷ್ಟೋ ಮಕ್ಕಳ ಮೂಗಿನ ಹಿಂದೆ ಅದು ಇರುತ್ತದೆ. ತಿಂಗಳುಗಟ್ಟಲೆ ಇದ್ದರೂ ಏನೂ ಮಾಡುವುದಿಲ್ಲ. ಊರ ಜಗಲಿ ಮೇಲೆ ಸುಮ್ಮನೆ ಕೂತ ಪುಂಡನ ಹಾಗೆ. ಮನೆಗೆ ಬೀಗ ಇರೋವರೆಗೆ ಅವನಿಂದ ತೊಂದರೆ ಇಲ್ಲ.

ನಮ್ಮ ಮೂಗು ಗಂಟಲಿಗೆ ಎಂಥ ಬೀಗ ಇದೆ ನೋಡೋಣ.

ನಮ್ಮ ಮೂಗು, ಗಂಟಲು, ಉಸಿರು ಹೋಗೋ ಕೊಳವೆ, ಇವುಗಳ ಒಳಮೈಗೆ ತೆಳುವಾದ ಗೋಡೆ ಇದೆ. ಜೀವಕೋಶಗಳು ಒಂದಕ್ಕೊಂದು ಒತ್ತಾಗಿ ಅಂಟಿಕೊಂಡು ಆ ಗೋಡೆ ಆಗಿದೆ. ಗೋಡೆಯ ಮೇಲೆ ಲೋಳೆ ಇರುತ್ತದೆ. ಧೂಳು, ಕ್ರಿಮಿ ಬಂದರೆ ಆ ಲೋಳೆಗೆ ಅಂಟಿಕೊಳ್ಳುತ್ತದೆ. ಹಲಸಿನ ಮೇಣಕ್ಕೆ ನೊಣ ಅಂಟಿಕೊಂಡ ಹಾಗೆ. ಸಿಂಬಳ ಅಂದರೆ ನಮಗೆ ಹೇಸಿಗೆ. ಆದರೆ ಅದು ಇಲ್ಲದಿದ್ದರೆ ನಾವು ಬದುಕೋದು ಕಷ್ಟ.

ಲೋಳೆಗೆ ಅಂಟಿದ ಕೊಳೆಯನ್ನು ಹೊರಗೆ ಹಾಕೋರು ಯಾರು? ಅದಕ್ಕೆ ಪೊರಕೆ ಇದೆ. ಮೂಗಿನಲ್ಲೂ ಉಸಿರು ಕೊಳವೆಯಲ್ಲೂ ಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ನವಿರಾದ ಕೂದಲುಗಳಿವೆ. ಮೂಗಿನ ಹೊಳ್ಳೆಯಲ್ಲಿ ಕಾಣೋ ಕೂದಲಲ್ಲ, ಇವು ಬೇರೆ. ಗಾಳಿ ಬೀಸಿದಾಗ ಭತ್ತದ ಪೈರು ಸಾಲಾಗಿ ಬಾಗುತ್ತದಲ್ಲ, ಹಾಗೆ ಇವು ಬಾಗುತ್ತವೆ. ಒಂದು ಸೆಕೆಂಡಿಗೆ ಹತ್ತು ಸಲ, ಅದಕ್ಕೂ ಹೆಚ್ಚು ಸಲ. ಹಗಲೂ ರಾತ್ರಿ. ಎದೆಯೊಳಗಿನ ಲೋಳೆಯನ್ನು ಮೆಲ್ಲಗೆ ಮೇಲಕ್ಕೆ, ಗಂಟಲ ಕಡೆಗೆ ದೂಡುತ್ತವೆ. ಅಲ್ಲಿಂದ ನಾವು ಗೊತ್ತಿಲ್ಲದೆ ನುಂಗುತ್ತೇವೆ. ಹೊಟ್ಟೆಯ ಹುಳಿಯಲ್ಲಿ ಕ್ರಿಮಿ ಸಾಯುತ್ತದೆ. ನಾವು ದಿನಕ್ಕೆ ಎರಡು ಸಲ ಮನೆ ಗುಡಿಸಿ "ಉಸ್ಸಪ್ಪ" ಅಂತೀವಿ. ಈ ಪೊರಕೆಗೆ ಒಂದು ಗಳಿಗೆಯೂ ಬಿಡುವಿಲ್ಲ.

ಇಷ್ಟಾದ ಮೇಲೂ ಒಳಗೆ ನುಸುಳಿದ ಕ್ರಿಮಿಗೆ ಕಾವಲುಗಾರರಿದ್ದಾರೆ. ಅವು ಬಿಳಿ ರಕ್ತಕಣಗಳು ಮತ್ತು ಅವುಗಳ ಬಳಗ. ಬ್ಯಾಕ್ಟೀರಿಯ ಕಂಡರೆ ಹಿಡಿದು ನುಂಗಿಬಿಡುತ್ತವೆ. ಶ್ವಾಸಕೋಶದ ಒಳಗೇ ಬೀಡುಬಿಟ್ಟ ಕಾವಲುಗಾರರೂ ಇದ್ದಾರೆ.

ಗೋಡೆ, ಲೋಳೆ, ಪೊರಕೆ, ಕಾವಲು. ಇಷ್ಟು ಇರೋದರಿಂದಲೇ ನಾವು ದಿನಾ ಕಾಯಿಲೆ ಬೀಳುವುದಿಲ್ಲ.

ಈಗ ವೈರಸ್ ಬಂತು ಅಂತ ಇಟ್ಟುಕೊಳ್ಳಿ.

ಅದು ಮೊದಲು ಹೊಗುವುದೇ ಆ ಗೋಡೆಯ ಕೋಶಗಳ ಒಳಗೆ. ಫ್ಲೂ ವೈರಸ್ ಆದರೆ ಕೋಶಗಳು ಸಾಯುತ್ತವೆ. ಸತ್ತ ಕೋಶದ ಜೊತೆಗೆ ಅದರ ಮೇಲಿನ ನವಿರು ಕೂದಲೂ ಉದುರುತ್ತದೆ. ಪೊರಕೆ ಹೋಯಿತು! ಲೋಳೆ ಹೆಚ್ಚಾಗುತ್ತದೆ, ಗುಡಿಸೋರು ಇಲ್ಲ. ಕಫ ಅಲ್ಲಲ್ಲೇ ನಿಲ್ಲುತ್ತದೆ. ನಿಂತ ನೀರಲ್ಲಿ ಸೊಳ್ಳೆ ಬೆಳೆದ ಹಾಗೆ ನಿಂತ ಕಫದಲ್ಲಿ ಬ್ಯಾಕ್ಟೀರಿಯ ಬೆಳೆಯುತ್ತದೆ. ಆ ಕೂದಲು ಮತ್ತೆ ಚಿಗುರಲು ವಾರಗಟ್ಟಲೆ ಬೇಕು. ಜ್ವರ ಬಿಟ್ಟು ಎರಡು ವಾರ ಆದರೂ ಕೆಮ್ಮು ಬಿಡಲಿಲ್ಲ ಅಂತೀರಲ್ಲ, ಅದಕ್ಕೆ ಇದೂ ಒಂದು ಕಾರಣ. ಕೂದಲು ಮಾಡಬೇಕಾದ ಕೆಲಸವನ್ನು ಆಗ ಕೆಮ್ಮು ಮಾಡುತ್ತಾ ಇರುತ್ತದೆ.

ಎಲ್ಲ ವೈರಸ್ಸೂ ಇಷ್ಟು ಕ್ರೂರ ಅಲ್ಲ. ಸಾಮಾನ್ಯ ನೆಗಡಿಯ ವೈರಸ್ ಅಷ್ಟೊಂದು ಕೋಶಗಳನ್ನು ಕೊಲ್ಲುವುದಿಲ್ಲ. ಆದರೆ ಕೋಶ ಕೋಶದ ನಡುವಿನ ಬೆಸುಗೆಯನ್ನು ಸಡಿಲ ಮಾಡುತ್ತದೆ. ಗೋಡೆಯಲ್ಲಿ ಬಿರುಕು ಬಿಡುತ್ತದೆ. ಇನ್ನೊಂದು ವಿಷಯ. ಪೆಟ್ಟು ತಿಂದ ಗೋಡೆಯ ಮೇಲೆ ಬ್ಯಾಕ್ಟೀರಿಯಕ್ಕೆ ಹಿಡಿದುಕೊಳ್ಳಲು ಹೊಸ ಹಿಡಿಗಳು ಸಿಗುತ್ತವೆ. ನುಣ್ಣಗೆ ಸಾರಿಸಿದ ಗೋಡೆ ಹತ್ತಲು ಹಲ್ಲಿಗೇ ಕಷ್ಟ. ಗಾರೆ ಕಿತ್ತ ಗೋಡೆಯನ್ನು ಇಲಿಯೂ ಹತ್ತುತ್ತದೆ.

ಇನ್ನು ಕಾವಲುಗಾರರ ಕಥೆ. ಇದು ಸ್ವಲ್ಪ ಬಿಗಿಯಾದ ವಿಷಯ. ನಿಧಾನವಾಗಿ ಓದಿ, ಬೇಕಾದರೆ ಎರಡು ಸಲ ಓದಿ.

ವೈರಸ್ ಹೊಕ್ಕ ಕೋಶ ಸುಮ್ಮನೆ ಸಾಯುವುದಿಲ್ಲ. ಕೂಗು ಹಾಕುತ್ತದೆ. ಆ ಕೂಗಿಗೆ ಇಂಟರ್‌ಫೆರಾನ್ ಅಂತ ಹೆಸರು. ಅದೊಂದು ರಸ. 1957ರಲ್ಲಿ ಲಂಡನ್ನಿನಲ್ಲಿ ಇಬ್ಬರು ವಿಜ್ಞಾನಿಗಳು ಅದನ್ನು ಕಂಡುಹಿಡಿದರು. ಆ ರಸ ಪಕ್ಕದ ಕೋಶಗಳಿಗೆ "ವೈರಸ್ ಬಂದಿದೆ, ಬಾಗಿಲು ಹಾಕ್ಕೊಳ್ಳಿ" ಅಂತ ಹೇಳುತ್ತದೆ. ಮೈಯೆಲ್ಲಾ ವೈರಸ್ ಕಡೆಗೆ ತಿರುಗುತ್ತದೆ. ನೆಗಡಿ, ಜ್ವರ ಬಂದಾಗ ನಮಗೆ ಮೈ ಕೈ ನೋಯೋದು, ಸುಸ್ತಾಗೋದು ಬಹುಮಟ್ಟಿಗೆ ಈ ಯುದ್ಧದಿಂದ.

ಊರ ಕಣದಲ್ಲಿ ಬಣವೆಗೆ ಬೆಂಕಿ ಬಿತ್ತು ಅನ್ನಿ. ಊರೆಲ್ಲ ಕೊಡ ಹಿಡಿದು ಅತ್ತ ಓಡುತ್ತದೆ. ಇತ್ತ ಮನೆ ಬಾಗಿಲು ಹಾರು ಹೊಡೆದಿರುತ್ತದೆ. ಕಳ್ಳನಿಗೆ ಅದಕ್ಕಿಂತ ಒಳ್ಳೇ ಹೊತ್ತು ಉಂಟೇ?

ಮೈಯೊಳಗೆ ಆಗೋದು ಇದಕ್ಕಿಂತಲೂ ಕೆಟ್ಟದ್ದು. ಕಾವಲುಗಾರರು ಬರೀ ಬೇರೆ ಕಡೆ ಹೋಗುವುದಲ್ಲ. ವೈರಸ್ಸಿನ ವಿರುದ್ಧ ಹೊರಟ ಆ ಕೂಗೇ ಬ್ಯಾಕ್ಟೀರಿಯ ಹಿಡಿಯೋ ಕಾವಲುಗಾರರ ಕೈಯನ್ನು ತುಸು ಕಟ್ಟಿಹಾಕುತ್ತದೆ. ಬರಬೇಕಾದಷ್ಟು ಬಿಳಿ ಕಣ ಬರುವುದಿಲ್ಲ. ಬಂದವೂ ಮೊದಲಿನ ಹಾಗೆ ಬ್ಯಾಕ್ಟೀರಿಯವನ್ನು ನುಂಗುವುದಿಲ್ಲ. ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ನೋಡಿದ್ದಾರೆ. ಫ್ಲೂ ಬಂದ ಇಲಿಯ ಶ್ವಾಸಕೋಶದಲ್ಲಿ ಬೀಡುಬಿಟ್ಟ ಕಾವಲುಗಾರರಲ್ಲೇ ಬಹಳ ಮಂದಿ ಸಾಯುತ್ತಾರೆ. ಆಗ ನ್ಯುಮೋಕಾಕಸ್ ಬಂದರೆ ತಡೆಯೋರು ಇಲ್ಲ.

ಈ ದುರ್ಬಲ ಸಮಯ ಯಾವುದು ಗೊತ್ತೇ? ಕಾಯಿಲೆಯ ಮೊದಲ ದಿನ ಅಲ್ಲ. ವೈರಸ್ ಬಂದು ಸುಮಾರು ಒಂದು ವಾರದ ಆಸುಪಾಸು. ಅಂದರೆ ನಾವು "ಇನ್ನೇನು ಗುಣವಾಯಿತು" ಅಂತ ಮಗುವನ್ನು ಬಿಟ್ಟು ಕೂಲಿಗೆ ಹೊರಡೋ ಹೊತ್ತು.

ಇದು ಬರೀ ಪುಸ್ತಕದ ಮಾತಲ್ಲ. ನಮ್ಮ ದೇಶ ಇದನ್ನು ಒಮ್ಮೆ ಅನುಭವಿಸಿದೆ. 1918ರಲ್ಲಿ ಜಗತ್ತಿಗೆಲ್ಲ ಒಂದು ದೊಡ್ಡ ಫ್ಲೂ ಬಂತು. ಆ ವರ್ಷದ ಜೂನ್ ತಿಂಗಳಲ್ಲಿ ಅದು ಬೊಂಬಾಯಿಗೆ ಬಂತು. ಮಳೆಗಾಲ ಮುಗಿಯೋ ಹೊತ್ತಿಗೆ ಇನ್ನೂ ಜೋರಾಗಿ ಎದ್ದು, ರೈಲು ಹೋದ ಕಡೆಗೆಲ್ಲ ಹರಡಿತು. ನಮ್ಮ ಮೈಸೂರು ಸೀಮೆಗೂ ಬಂತು. ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು.

ಅವರೆಲ್ಲ ವೈರಸ್‌ನಿಂದಲೇ ಸತ್ತರೇ? 2008ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಪರೀಕ್ಷೆ ಮಾಡಿದರು. 1918-19ರಲ್ಲಿ ಆ ಜ್ವರದಿಂದ ಸತ್ತ 58 ಸೈನಿಕರ ಶ್ವಾಸಕೋಶದ ಚೂರುಗಳನ್ನು ಅಲ್ಲಿ ಕಾಪಾಡಿ ಇಟ್ಟಿದ್ದರು. ಅವನ್ನು ಮತ್ತೆ ತೆಗೆದು ನೋಡಿದರು. ಹೆಚ್ಚುಕಡಿಮೆ ಎಲ್ಲದರಲ್ಲೂ ಬ್ಯಾಕ್ಟೀರಿಯದ ನ್ಯುಮೋನಿಯಾದ ಗುರುತು ಇತ್ತು. ಬಾಗಿಲು ಮುರಿದದ್ದು ಫ್ಲೂ. ಬಹಳ ಜನರ ಜೀವ ತೆಗೆದದ್ದು ಹಿಂದಿನಿಂದ ನುಗ್ಗಿದ್ದು. ಆಗ ಪೆನಿಸಿಲಿನ್ ಇರಲಿಲ್ಲ. ಅದು ಗೊತ್ತಾದದ್ದು 1928ರಲ್ಲಿ. ಜನರ ಕೈಗೆ ಔಷಧಿಯಾಗಿ ಬಂದದ್ದು 1940ರ ದಶಕದಲ್ಲಿ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 1918ರಲ್ಲಿ ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಯಾಕೆ ಅಂದರೆ, ರೋಗಿಗಳ ಪಕ್ಕ ಕೂತು ಆರೈಕೆ ಮಾಡಿದವರು ಹೆಂಗಸರು. ಕೊನೆಗೆ ಉಳಿದದ್ದು ಉಂಡವರೂ ಹೆಂಗಸರು. ಓದಿದವರು ಕೊಡೋ ಕಾರಣ ಇದು. ನಮಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಮನೆಯಲ್ಲಿ ಎಲ್ಲರಿಗೂ ಜ್ವರ ಬಂದಾಗ ಯಾರು ಎದ್ದು ಗಂಜಿ ಕಾಯಿಸ್ತಾರೆ ಅಂತ ನೋಡಿದರೆ ಸಾಕು.

ಸರಿ, ಇದನ್ನೆಲ್ಲ ತಿಳಿದು ನಾವು ಏನು ಮಾಡಬೇಕು?

ಒಬ್ಬ ಅಕ್ಕ ಹೋದ ಸಭೆಯಲ್ಲಿ ಕೇಳಿದರು. "ಹಿಂದಿನಿಂದ ಬ್ಯಾಕ್ಟೀರಿಯ ಬರುತ್ತದೆ ಅಂತೀರಿ. ಹಾಗಾದರೆ ನೆಗಡಿ ಬಂದ ಮೊದಲ ದಿನವೇ ಆಂಟಿಬಯಾಟಿಕ್ ಕೊಟ್ಟುಬಿಟ್ಟರೆ ಒಳ್ಳೇದಲ್ವಾ?"

ಕೇಳಿದರೆ ಸರಿ ಅನಿಸುತ್ತದೆ. ಆದರೆ ಸರಿಯಲ್ಲ. ಆಂಟಿಬಯಾಟಿಕ್ ಬ್ಯಾಕ್ಟೀರಿಯವನ್ನು ಕೊಲ್ಲೋ ಔಷಧಿ. ವೈರಸ್ಸಿಗೆ ಅದು ತಟ್ಟುವುದೇ ಇಲ್ಲ. ನೆಗಡಿ ಅದರಿಂದ ಒಂದು ದಿನವೂ ಬೇಗ ಹೋಗುವುದಿಲ್ಲ. ಬದಲಿಗೆ ಅದು ಗಂಟಲಲ್ಲಿ, ಹೊಟ್ಟೆಯಲ್ಲಿ ಇರುವ ಸಾಧು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಆ ಔಷಧಿಗೆ ಸಾಯದ ಗಟ್ಟಿ ಬ್ಯಾಕ್ಟೀರಿಯ ಮಾತ್ರ ಉಳಿಯುತ್ತದೆ. ಪೈರನ್ನು ಕಿತ್ತು ಕಳೆಗೆ ಜಾಗ ಮಾಡಿಕೊಟ್ಟ ಹಾಗೆ. ಆಮೇಲೆ ನಿಜವಾಗಿ ನ್ಯುಮೋನಿಯಾ ಬಂದಾಗ ಅದೇ ಔಷಧಿ ಕೊಟ್ಟರೆ ಕೆಲಸ ಮಾಡದೆ ಹೋಗಬಹುದು.

2020ರಿಂದ ಕೊರೋನಾ ಬಂತಲ್ಲ, ಆಗಲೂ ಹೀಗೇ ಆಯಿತು. ಅದೂ ವೈರಸ್. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಲೆಕ್ಕ ಹೇಳಿತು. ಕೊರೋನಾದಿಂದ ಆಸ್ಪತ್ರೆ ಸೇರಿದ ನೂರು ಜನರಲ್ಲಿ ಬ್ಯಾಕ್ಟೀರಿಯವೂ ಸೇರಿಕೊಂಡವರು 8 ಜನ. ಆಂಟಿಬಯಾಟಿಕ್ ಕೊಟ್ಟದ್ದು ಸುಮಾರು 75 ಜನಕ್ಕೆ!

ಹಾಗಾಗಿ ಹೋದ ಸಲ ಉಳಿದ ನಾಲ್ಕು ಮಾತ್ರೆಯನ್ನು ಈ ಸಲ ಮಗುವಿಗೆ ಅರ್ಧರ್ಧ ಮಾಡಿ ಕೊಡಬೇಡಿ. ಪಕ್ಕದ ಮನೆಯವರ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ತರಬೇಡಿ. ಡಾಕ್ಟರು ನೋಡಿ ಬರೆದುಕೊಟ್ಟರೆ ಮಾತ್ರ ಕೊಡಿ. ಬರೆದಷ್ಟು ದಿನ ಪೂರ್ತಿ ಕೊಡಿ.

ಮೊದಲ ದಿನಗಳಲ್ಲಿ ಬೇಕಾದದ್ದು ಆರೈಕೆ. ಬೆಚ್ಚಗಿನ ನೀರು, ಗಂಜಿ, ಸಾರು. ಮೊಲೆಹಾಲು ಕುಡಿಯೋ ಮಗುವಿಗೆ ಮೊಲೆಹಾಲು ನಿಲ್ಲಿಸಬೇಡಿ. ನಿಮಗೇ ನೆಗಡಿ ಇದ್ದರೂ ಕೊಡಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೊಡಿ. ದೊಡ್ಡವರು ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿದರೆ ನೋವು ಹಗುರಾಗುತ್ತದೆ. ಅದು ವೈರಸ್ಸನ್ನು ಕೊಲ್ಲುವುದಿಲ್ಲ, ಹಿತ ಕೊಡುತ್ತದೆ ಅಷ್ಟೇ. ಶುಂಠಿ ಕಷಾಯವೂ ಹಾಗೆಯೇ. ಕುಡಿಯಿರಿ, ನಾವೂ ಕುಡಿಯುತ್ತೇವೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಬೇಡಿ.

ಕೆಲವು ಕಡೆ ಕೂಸಿನ ಮೂಗಿಗೆ ಎಣ್ಣೆ ಬಿಡುವ ರೂಢಿ ಇದೆ. ದಯವಿಟ್ಟು ಬಿಡಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ನ್ಯುಮೋನಿಯಾ ಆಗುತ್ತದೆ. ಪಕ್ಕೆ ಸೆಳೆಯೋ ಕೂಸಿಗೆ ಕಾದ ಬಳೆಯಿಂದ ಬರೆ ಹಾಕುವವರೂ ಇದ್ದಾರೆ. ಇದರ ಬಗ್ಗೆ ಮೆತ್ತಗೆ ಮಾತಾಡಲು ನಮ್ಮಿಂದ ಆಗದು. ಸುಟ್ಟ ಗಾಯ ಬ್ಯಾಕ್ಟೀರಿಯಕ್ಕೆ ಇನ್ನೊಂದು ಬಾಗಿಲು. ಅದಕ್ಕಿಂತ ಹೆಚ್ಚಾಗಿ, ಬರೆ ಹಾಕಿ ಕಾಯೋ ಆ ಒಂದು ದಿನದಲ್ಲಿ ಕೂಸು ಕೈಬಿಟ್ಟು ಹೋಗುತ್ತದೆ.

ಒಲೆ ಹೊಗೆಯ ಮಾತೂ ಇಲ್ಲೇ ಬರಬೇಕು. ಹೊಗೆಯೂ ಆ ನವಿರು ಪೊರಕೆಯನ್ನು ಹಾಳುಮಾಡುತ್ತದೆ. ಹೊಗೆ ತುಂಬಿದ ಮನೆಯ ಮಗುವಿಗೆ ನ್ಯುಮೋನಿಯಾ ಬರೋ ಸಂಭವ ಹೆಚ್ಚುಕಡಿಮೆ ಎರಡರಷ್ಟು. 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಹೊಗೆ ಕೊಳವೆ ಇಟ್ಟು ಅಸ್ತ್ರ ಒಲೆ ಮಾಡಿದ್ದು ಸೌದೆ ಉಳಿಸಲು, ಜೊತೆಗೆ ಹೊಗೆ ಹೊರಗೆ ಕಳಿಸಲು. ಗ್ಯಾಸ್ ಇದ್ದವರು ನೆಗಡಿಯ ಮಗು ಮನೆಯಲ್ಲಿರುವಾಗಲಾದರೂ ಗ್ಯಾಸಿನಲ್ಲೇ ಅಡಿಗೆ ಮಾಡಿ. ಸಿಲಿಂಡರ್ ದುಬಾರಿ, ಉಳಿಸಬೇಕು ಅಂತ ನೀವು ಹೇಳೋದು ನಮಗೆ ಗೊತ್ತು. ಗ್ಯಾಸ್ ಇಲ್ಲದವರು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒಲೆ ಮುಂದೆ ಕೂರಬೇಡಿ. ಹೊರಗೆ ಯಾರ ಕೈಯಲ್ಲಾದರೂ ಕೊಡಿ. ಬೀಡಿ ಸೇದೋ ಮಾವನವರಿಗೂ ಅಂಗಳ ತೋರಿಸಿ.

ಲಸಿಕೆ ಬಗ್ಗೆ ಹೇಳಲೇಬೇಕಾದ ಎರಡು ಮಾತಿವೆ. ನ್ಯುಮೋಕಾಕಸ್‌ಗೆ ಈಗ ಲಸಿಕೆ ಇದೆ. ಅದಕ್ಕೆ ಪಿಸಿವಿ ಅಂತಾರೆ. 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳು, ಹೀಗೆ ಮೂರು ಸಲ ಹಾಕಿಸಬೇಕು. ಬೀಗ ಮುರಿದರೂ ಈ ಪುಂಡನ ಗುರುತು ಕಾವಲುಗಾರರಿಗೆ ಮೊದಲೇ ಗೊತ್ತಿರುತ್ತದೆ.

ಇನ್ನೊಂದು ದಡಾರದ ಲಸಿಕೆ. ಕೆಲವರು ಅದನ್ನು ಗೊಬ್ಬರ ಅಂತಾರೆ. ದಡಾರವೂ ವೈರಸ್. ಶುರುವಾಗೋದು ನೆಗಡಿ, ಕೆಮ್ಮು, ಕೆಂಪು ಕಣ್ಣಿನಿಂದಲೇ. ಆದರೆ ಅದು ಬೇರೆ ವೈರಸ್ ಮಾಡದ ಒಂದು ಕೆಡುಕು ಮಾಡುತ್ತದೆ. ನಮ್ಮ ಕಾವಲುಗಾರರು ಹಿಂದೆ ಬಂದ ರೋಗಗಳ ಗುರುತನ್ನು ನೆನಪಿಟ್ಟುಕೊಂಡಿರುತ್ತಾರೆ. ದಡಾರ ಆ ನೆನಪನ್ನೇ ಅಳಿಸಿಹಾಕುತ್ತದೆ. 2019ರಲ್ಲಿ ಮಕ್ಕಳ ರಕ್ತ ನೋಡಿ ಇದನ್ನು ಅಳೆದರು. ಕೆಲವು ಮಕ್ಕಳಲ್ಲಿ ಹತ್ತರಲ್ಲಿ ಒಂದು ಪಾಲು ನೆನಪು ಹೋಗಿತ್ತು. ಕೆಲವರಲ್ಲಿ ಹತ್ತರಲ್ಲಿ ಏಳು ಪಾಲು! ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ. ತಿಂಗಳುಗಟ್ಟಲೆ ಕಷ್ಟಪಟ್ಟು ಕಲಿತ ಅಕ್ಷರ ಹಾಗೆ ಹೋದರೆ ಹೇಗಿರುತ್ತದೆ, ನೀವೇ ಹೇಳಿ. ದಡಾರ ಹೋದ ಮೇಲೂ ಆ ಮಗು ಮತ್ತೆ ಮತ್ತೆ ಕಾಯಿಲೆ ಬೀಳೋದು ಇದಕ್ಕೇ. ಒಂಬತ್ತು ತಿಂಗಳಿಗೊಮ್ಮೆ, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಮ್ಮೆ ಈ ಲಸಿಕೆ ಹಾಕಿಸಿ. ನಿಮ್ಮ ತಾಯಿ ಕಾರ್ಡಿನಲ್ಲಿ ಎಲ್ಲ ಬರೆದಿರುತ್ತದೆ. ಈಗ ನೀವೇ ಓದಿ ನೋಡಬಹುದು. ಆಶಾ ಕಾರ್ಯಕರ್ತೆ ಬಂದು ನೆನಪಿಸಲಿ ಅಂತ ಕಾಯಬೇಕಾಗಿಲ್ಲ.

ವೈರಸ್ ಬಾಗಿಲು ತೆಗೆಯದಿದ್ದರೂ ನೇರವಾಗಿ ಗಂಟಲಿಗೆ ನುಗ್ಗೋ ಒಂದು ಬ್ಯಾಕ್ಟೀರಿಯ ಇದೆ. ಅದರ ಹೆಸರು ಸ್ಟ್ರೆಪ್ಟೋಕಾಕಸ್. ಹೆಚ್ಚಾಗಿ 5 ವರ್ಷದಿಂದ 15 ವರ್ಷದ ಮಕ್ಕಳನ್ನು ಹಿಡಿಯುತ್ತದೆ. ಮೂಗು ಸೋರುವುದು, ಕೆಮ್ಮು, ಧ್ವನಿ ಒಡೆಯುವುದು ಇದ್ದರೆ ಅದು ಬಹುತೇಕ ವೈರಸ್. ನೆಗಡಿ ಕೆಮ್ಮು ಏನೂ ಇಲ್ಲ, ಆದರೆ ಇದ್ದಕ್ಕಿದ್ದಂತೆ ಜ್ವರ, ನುಂಗಲಾರದ ನೋವು, ದವಡೆಯ ಕೆಳಗೆ ನೋಯುವ ಗಂಟು, ಗಂಟಲೊಳಗೆ ಬಿಳಿ ಕೀವು, ಹೀಗಿದ್ದರೆ ಡಾಕ್ಟರಿಗೆ ತೋರಿಸಿ. ಇದಕ್ಕೆ ಆಂಟಿಬಯಾಟಿಕ್ ಬೇಕು. ಬಿಟ್ಟರೆ ಎರಡು ಮೂರು ವಾರದ ಮೇಲೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಒಂದು ಕೀಲು ಊದಿ ಇಳಿಯುತ್ತದೆ, ಇನ್ನೊಂದು ಊದುತ್ತದೆ. ಕೀಲು ಸರಿಹೋಗುತ್ತದೆ. ಹೃದಯದ ಕವಾಟಕ್ಕೆ ಆದ ಗಾಯ ಉಳಿದುಬಿಡುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ಗೊತ್ತಾಗೋದು ಮದುವೆಯಾಗಿ, ಬಸಿರಾಗಿ, ಉಸಿರಾಡಲು ಕಷ್ಟವಾದಾಗ. ಗಂಡು ಮಗುವಿನ ಗಂಟಲು ನೋವಿಗೆ ಆಸ್ಪತ್ರೆ, ಹೆಣ್ಣು ಮಗುವಿನ ಗಂಟಲು ನೋವಿಗೆ ಅರಿಶಿನ ಹಾಲು. ಇದು ನಡೆಯುವುದಿಲ್ಲ.

ಕಿವಿಯ ವಿಷಯ ಒಂದೇ ಮಾತು. ಮೂಗಿನ ಹಿಂದಿನಿಂದ ಕಿವಿಗೆ ಒಂದು ಸಣ್ಣ ಕೊಳವೆ ಇದೆ. ನೆಗಡಿಯಲ್ಲಿ ಅದು ಊದಿ ಮುಚ್ಚಿಕೊಳ್ಳುತ್ತದೆ. ಒಳಗೆ ನೀರು ನಿಂತು ಬ್ಯಾಕ್ಟೀರಿಯ ಬೆಳೆದು ಕೀವಾಗುತ್ತದೆ. ನೆಗಡಿಯ ಮಗು ಕಿವಿ ಹಿಡಿದು ಅತ್ತರೆ, ಕಿವಿ ಸೋರಿದರೆ, ಎಣ್ಣೆ ಕಾಯಿಸಿ ಬಿಡಬೇಡಿ. ತೋರಿಸಿ.

ಈಗ ಮುಖ್ಯವಾದದ್ದು. ನೆಗಡಿಯ ಹಿಂದೆ ನ್ಯುಮೋನಿಯಾ ಬಂತೋ ಇಲ್ಲವೋ ಅಂತ ಮನೆಯಲ್ಲೇ ತಿಳಿಯೋದು ಹೇಗೆ? ಉಸಿರು ಎಣಿಸಬೇಕು. ಅದಕ್ಕೆ ಬೇಕಾದದ್ದು ಒಂದು ಗಡಿಯಾರ ಅಥವಾ ಮೊಬೈಲು, ಮತ್ತು ನೂರರವರೆಗೆ ಎಣಿಸಲು ಬರುವ ಒಬ್ಬ ತಾಯಿ. ಎರಡೂ ಇಲ್ಲಿ ಇವೆ.

ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲೆತ್ತಿ ಹೊಟ್ಟೆ, ಎದೆ ನೋಡಿ. ಮೇಲೆ ಹೋಗಿ ಕೆಳಗೆ ಬಂದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ಹಲಗೆಯ ಮೇಲೆ ಮೂರು ಅಂಕಿ ಬರೆದಿದ್ದೇವೆ. ಎರಡು ತಿಂಗಳು ತುಂಬದ ಕೂಸಿಗೆ 60. ಎರಡು ತಿಂಗಳಿಂದ ಒಂದು ವರ್ಷದ ಒಳಗಿನ ಮಗುವಿಗೆ 50. ಒಂದರಿಂದ ಐದು ವರ್ಷದ ಒಳಗಿನ ಮಗುವಿಗೆ 40. ಎಣಿಕೆ ಅಷ್ಟು ಆದರೆ, ಅಥವಾ ಅದನ್ನು ದಾಟಿದರೆ, ಅದು ಜೋರು ಉಸಿರು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಪಕ್ಕೆ ಒಳಗೆ ಸೆಳೆದರೆ, ಮಗು ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಮಂಪರಿನಲ್ಲಿದ್ದರೆ, ಫಿಟ್ಸ್ ಬಂದರೆ, ಎಣಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ. ದೊಡ್ಡವರಾದರೂ ಅಷ್ಟೇ. ಗಂಟಲು ನೋವಿನಲ್ಲಿ ಬಾಯಿ ತೆರೆಯಲಾಗದೆ, ಎಂಜಲೂ ನುಂಗಲಾಗದೆ ಹೋದರೆ, ಜ್ವರ ಇಳಿದು ಮತ್ತೆ ಏರಿ ಎದೆ ನೋವು, ಏದುಸಿರು ಬಂದರೆ ತಡ ಮಾಡಬೇಡಿ. ಅತ್ತೆ, ಗಂಡ ಒಪ್ಪಲಿ ಅಂತ ಸಂಜೆವರೆಗೆ ಕಾಯಬೇಡಿ.

ಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ಇರುತ್ತದೆ. ಮಗುವಿಗೆ ನೆಗಡಿ ಶುರುವಾದ ದಿನದ ಮೇಲೆ "ನೆ" ಅಂತ ಬರೆಯಿರಿ. ಜ್ವರ ಬಿಟ್ಟ ದಿನ "ಬಿ" ಅಂತ ಬರೆಯಿರಿ. ಅಲ್ಲಿಂದ ಒಂದು ವಾರ ಕಣ್ಣಿಡಿ. ಡಾಕ್ಟರ ಹತ್ತಿರ ಹೋದಾಗ "ಎಷ್ಟು ದಿನ ಆಯಿತಮ್ಮ?" ಅಂದರೆ "ಒಂದು ನಾಲ್ಕೈದು ದಿನ ಆಗಿರಬಹುದು" ಅನ್ನಬೇಕಾಗಿಲ್ಲ. "ಬುಧವಾರ ನೆಗಡಿ, ಶನಿವಾರ ಜ್ವರ ಬಿಟ್ಟಿತು, ಸೋಮವಾರ ಮತ್ತೆ ಬಂತು, ಉಸಿರು 54" ಅಂತ ಹೇಳಬಹುದು. ಡಾಕ್ಟರಿಗೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಆ ಕಂಬದ ಪಕ್ಕ ಕೂತ ತಂಗಿಯ ತೊಡೆಯ ಮೇಲೆ ಒಂದು ಕೂಸು ಮಲಗಿದೆ. ಆರು ತಿಂಗಳಂತೆ. ಕಾಯಿಲೆ ಏನೂ ಇಲ್ಲ. ಸ್ವಲ್ಪ ಅಂಗಿ ಸರಿಸಮ್ಮ. ಎಲ್ಲರೂ ಹತ್ತಿರ ಬನ್ನಿ, ಮಾತು ಬೇಡ. ಗಡಿಯಾರ ನಾವು ಹಿಡಿಯುತ್ತೇವೆ. ನೀವು ಎಣಿಸಿ, ಎಣಿಸಿದ್ದನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಎಲ್ಲರ ಅಂಕಿ ಹೊಂದಿಸಿ ನೋಡೋಣ.